ಅಕ್ಕಿ ಕೊಡುವ ಕೈ ಬೇರೇನನ್ನೋ ಕೇಳಿದರೆ

ಹಿಂದಿನ ಸಂಚಿಕೆಯಲ್ಲಿ ಓದುಗರೊಬ್ಬರು, "ಪರಿಹಾರ ಕೇಂದ್ರದಲ್ಲಿ ಹೆಂಗಸರಿಗೆ ಬೇರೆ ಸಾಲು ಯಾಕೆ?" ಅಂತ ಕೇಳಿದ್ದರು. ನೆರವು ಹಂಚುವವರಲ್ಲೇ ಕೆಲವರು ಅದಕ್ಕೆ ಬದಲಾಗಿ ಹೆಂಗಸರ ಮೈ ಕೇಳುವುದುಂಟು, ನೆರವು ಪಡೆಯುವವರ ಜೊತೆ ಅಂಥ ಸಂಬಂಧ ಕೂಡದು ಅಂತ ನಾಲ್ಕೇ ಸಾಲಿನಲ್ಲಿ ಉತ್ತರ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳು ನನ್ನ ನಿದ್ದೆ ಕೆಡಿಸಿವೆ. ಈ ಸಲ ಪೂರ್ತಿ ಅಂಕಣ ಆ ಪತ್ರಗಳಿಗೇ. ಬರೆದವರ ಹೆಸರು, ಊರು, ಸಂಸ್ಥೆ ಯಾವುದನ್ನೂ ಹಾಕಿಲ್ಲ. ಗುರುತು ಹತ್ತುವಂಥ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ.

ಪ್ರಶ್ನೆ: ಅಕ್ಕ, ನಾನು ಧಾರವಾಡ ಜಿಲ್ಲೆಯವನು. ಎರಡು ವರ್ಷದಿಂದ ಕಾಂಗೋ ದೇಶದ ಪೂರ್ವ ಭಾಗದಲ್ಲಿ ಒಂದು ನೆರವು ಸಂಸ್ಥೆಯಲ್ಲಿದ್ದೇನೆ. ನೀರು ಸರಬರಾಜಿನ ಕೆಲಸ. ದಿನಗೂಲಿಗೆ ಹೆಂಗಸರನ್ನು ಆರಿಸುವ ಒಬ್ಬ ಹಿರಿಯ ನಮ್ಮಲ್ಲಿದ್ದಾನೆ. ಸಂಜೆ ಹೊತ್ತು ಅವರಲ್ಲೇ ಕೆಲವರನ್ನು ಆಫೀಸಿನ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತಾನೆ. "ಅವನು ಹೇಳಿದ ಹಾಗೆ ಕೇಳದಿದ್ದರೆ ಮುಂದಿನ ವಾರ ಪಟ್ಟಿಯಲ್ಲಿ ಹೆಸರು ಇರಲ್ಲ" ಅಂತ ಅಡುಗೆ ಮಾಡುವ ಹೆಂಗಸು ಒಮ್ಮೆ ಅಂದಳು. ನಾನು ಕಣ್ಣಾರೆ ಏನೂ ನೋಡಿಲ್ಲ. ಸುಳ್ಳಾದರೆ ಒಬ್ಬನ ಬಾಳು ಹಾಳು ಮಾಡಿದ ಪಾಪ ನನಗೆ. ನಿಜವಾದರೆ ನನ್ನ ಕೆಲಸಕ್ಕೇ ಕುತ್ತು. ಏನು ಮಾಡಲಿ?

ಉತ್ತರ: ಅಕ್ಕ ಅಂತ ಕರೆದಿದ್ದೀರಿ, ಹಾಗಾಗಿ ನೇರವಾಗಿ ಹೇಳುತ್ತೇನೆ. ಇವತ್ತೇ ತಿಳಿಸಿ. ನಾಳೆ ಬೇಡ.

ನಿಮ್ಮನ್ನು ಕಟ್ಟಿಹಾಕಿರುವುದು "ಕಣ್ಣಾರೆ ನೋಡಿಲ್ಲ" ಅನ್ನೋ ಮಾತು, ಅಲ್ವಾ? ಆದರೆ ನೋಡಿರಬೇಕು ಅಂತ ನಿಮ್ಮನ್ನು ಯಾರೂ ಕೇಳುತ್ತಿಲ್ಲ. ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಅಕ್ಟೋಬರ್ 2003ರಲ್ಲಿ ಹೊರಡಿಸಿದ ನಿಯಮದಲ್ಲೇ ಇದು ಸ್ಪಷ್ಟವಾಗಿದೆ. ಜೊತೆ ಕೆಲಸಗಾರನ ಮೇಲೆ, ಅವನು ತನ್ನ ಸಂಸ್ಥೆಯವನಿರಲಿ ಬೇರೆಯದರವನಿರಲಿ, ಸಂಶಯ ಬಂದರೂ ಸಾಕು, ತಿಳಿಸಲೇಬೇಕು. ದೊಡ್ಡ ನೆರವು ಸಂಸ್ಥೆಗಳೆಲ್ಲ ಹೆಚ್ಚುಕಮ್ಮಿ ಇದೇ ನಿಯಮವನ್ನು ತಮ್ಮ ನೌಕರರಿಗೆ ಹಾಕಿವೆ. ಕೆಲಸಕ್ಕೆ ಸೇರಿದ ದಿನ ನೀವು ಸಹಿ ಹಾಕಿದ ಕಾಗದಗಳಲ್ಲಿ ಇದೂ ಒಂದಿರುತ್ತದೆ, ತೆಗೆದು ನೋಡಿ. ಸತ್ಯ ಪತ್ತೆ ಮಾಡುವುದು ತನಿಖೆಯವರ ಕೆಲಸ. ನಿಮಗೆ ಗೊತ್ತಿರುವಷ್ಟನ್ನು ಅವರಿಗೆ ಮುಟ್ಟಿಸುವುದು ನಿಮ್ಮ ಕೆಲಸ. ನೀವೇ ತನಿಖೆಗೆ ಇಳಿಯಬೇಡಿ. ಅಡುಗೆಯವಳನ್ನು ಮತ್ತೆ ಮತ್ತೆ ಕೂರಿಸಿ ಕೇಳಬೇಡಿ, ಗಾಡಿಯ ಹಿಂದೆ ಹೋಗಬೇಡಿ, ಫೋಟೋ ತೆಗೆಯಬೇಡಿ. ಹಾಗೆ ಮಾಡಿದರೆ ಮೊದಲು ಅಪಾಯಕ್ಕೆ ಸಿಗುವವಳು ಅವಳು.

ನೀವು ಇರುವ ಕಡೆಯಲ್ಲೇ ನಡೆದ ಒಂದು ವಿಷಯ ಹೇಳಬೇಕು. ನಿಮ್ಮ ಅಡುಗೆಯವಳ ಆ ಒಂದು ಮಾತು ಎಷ್ಟು ಭಾರದ್ದು ಅಂತ ಆಗ ಗೊತ್ತಾಗುತ್ತದೆ.

2018ರ ಆಗಸ್ಟ್‌ನಲ್ಲಿ ಉತ್ತರ ಕಿವು ಭಾಗದಲ್ಲಿ ಎಬೋಲಾ ಎಂಬ ಮಾರಕ ಸೋಂಕು ಶುರುವಾಯಿತು. ಮುಗಿದದ್ದು 2020ರ ಜೂನ್‌ನಲ್ಲಿ. ಅಷ್ಟರಲ್ಲಿ 2,287 ಜನ ತೀರಿಕೊಂಡಿದ್ದರು. ಬೆನಿ, ಬುಟೆಂಬೊ ಊರುಗಳಿಗೆ ಹೊರಗಿನಿಂದ ನೂರಾರು ಜನ ಬಂದರು. ವಿಶ್ವ ಆರೋಗ್ಯ ಸಂಸ್ಥೆಯೂ ಬಂತು, ಬೇರೆ ಸಂಸ್ಥೆಗಳೂ ಬಂದವು. ಅಡುಗೆಗೆ, ಕಸ ಗುಡಿಸಲು, ಮನೆಮನೆಗೆ ಹೋಗಿ ತಿಳಿಹೇಳಲು ಸ್ಥಳೀಯ ಹೆಂಗಸರು ಬೇಕಾಗಿದ್ದರು. ಯುದ್ಧದಿಂದ ಸೊರಗಿದ ಊರಿಗೆ ಅದು ಸಿಕ್ಕಾಪಟ್ಟೆ ದೊಡ್ಡ ಸಂಬಳ. ಕೆಲಸ ಯಾರಿಗೆ ಅಂತ ತೀರ್ಮಾನಿಸುವ ಪೆನ್ನು ಕೆಲವೇ ಗಂಡಸರ ಕೈಯಲ್ಲಿತ್ತು. 2020ರ ಸೆಪ್ಟೆಂಬರ್‌ನಲ್ಲಿ 'ದಿ ನ್ಯೂ ಹ್ಯುಮಾನಿಟೇರಿಯನ್' ಮತ್ತು ಥಾಮ್ಸನ್ ರಾಯ್ಟರ್ಸ್ ಫೌಂಡೇಶನ್‌ನ ಪತ್ರಕರ್ತರು 51 ಹೆಂಗಸರ ಮಾತನ್ನು ಬರೆದು ಹೊರಗೆ ತಂದರು. ಕೆಲಸ ಬೇಕಿದ್ದರೆ ನಮ್ಮ ಜೊತೆ ಮಲಗು, ಇಲ್ಲದಿದ್ದರೆ ಕೆಲಸ ಇಲ್ಲ. ಆ 51 ಜನರಲ್ಲಿ ಹೆಚ್ಚಿನವರು ಹೇಳಿದ್ದು ಇಷ್ಟೇ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೀತಿ.

ಮುಂದಿನ ವರ್ಷ, ಈ ಆರೋಪಗಳ ತನಿಖೆಗೆ ನೇಮಿಸಿದ್ದ ಸ್ವತಂತ್ರ ಆಯೋಗದ ವರದಿ ಬಂತು. 2021ರ ಸೆಪ್ಟೆಂಬರ್ 28. ಆರೋಪಿಗಳು 83 ಜನ, ಅವರಲ್ಲಿ 21 ಜನ ವಿಶ್ವ ಆರೋಗ್ಯ ಸಂಸ್ಥೆಯ ನೌಕರರು. ನೊಂದವರಲ್ಲಿ 13 ವರ್ಷದ ಹುಡುಗಿಯೂ ಇದ್ದಳು. ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ಕ್ಷಮೆ ಕೇಳಿದರು.

ನನ್ನನ್ನು ಹೆಚ್ಚು ಕಾಡಿದ್ದು ಈ ಲೆಕ್ಕಕ್ಕಿಂತ ಇನ್ನೊಂದು ಸಂಗತಿ. ಬರವಣಿಗೆಯಲ್ಲಿ ಇಲ್ಲದ ದೂರನ್ನು ದೂರು ಅಂತಲೇ ಒಪ್ಪದೆ ತಳ್ಳಿಹಾಕುವ ಅಭ್ಯಾಸ ಅಲ್ಲಿತ್ತು ಅಂತ ಅದೇ ವರದಿ ಹೇಳಿದೆ. ಬಾಯಲ್ಲಿ ಹೇಳಿದರೆ ಲೆಕ್ಕಕ್ಕಿಲ್ಲ. ಅಕ್ಷರ ಬಾರದವಳು, ಬಂದರೂ ಕಾಗದ ಪೆನ್ನು ಹಿಡಿದು ಕೂರಲು ಹೆದರುವವಳು ಏನು ಮಾಡಬೇಕು? ಅಡುಗೆ ಮನೆಯಲ್ಲಿ, ಕೈ ಒರೆಸಿಕೊಳ್ಳುತ್ತಾ, ಒಳ್ಳೆಯವನ ಹಾಗೆ ಕಂಡ ಒಬ್ಬ ನೀರಿನ ಎಂಜಿನಿಯರ್ ಹತ್ತಿರ ಒಂದು ಮಾತು ಅನ್ನುತ್ತಾಳೆ. ಅವಳ ಪಾಲಿಗೆ ಅದೇ ದೂರು. ಅವಳು ಕೊಟ್ಟಾಗಿದೆ. ಈಗ ಅದು ನಿಮ್ಮ ಹತ್ತಿರ ಇದೆ.

ಕೊಡುವುದು ಹೇಗೆ ಅಂದರೆ, ದಿನಾಂಕ, ಸಮಯ, ಗಾಡಿ ಯಾವುದು, ನೀವು ಕಂಡಿದ್ದು ಏನು, ನಿಮ್ಮ ಕಿವಿಗೆ ಬಿದ್ದದ್ದು ಏನು, ಎರಡನ್ನೂ ಬೇರೆ ಬೇರೆ ಬರೆಯಿರಿ. ಊಹೆ ಸೇರಿಸಬೇಡಿ. ನಿಮ್ಮ ಮೇಲಿನವರು ಆ ಹಿರಿಯನ ಸ್ನೇಹಿತರಾಗಿದ್ದರೆ ಅವರನ್ನು ದಾಟಿಕೊಂಡು ಮುಖ್ಯ ಕಚೇರಿಯ ತನಿಖಾ ವಿಭಾಗಕ್ಕೆ ಕಳಿಸಿ. ಅದಕ್ಕೆ ಅವಕಾಶ ಇದೆ, ಅದು ತಪ್ಪಲ್ಲ. ಎಷ್ಟೋ ಸಂಸ್ಥೆಗಳು 24 ಗಂಟೆಯೊಳಗೆ ತಿಳಿಸಿ ಅನ್ನುತ್ತವೆ. ಹೆಸರು ಹೇಳದೆಯೂ ಕೊಡಬಹುದು, ಆದರೆ ಆಗ ಅವರು ವಾಪಸ್ ಏನಾದರೂ ಕೇಳಬೇಕೆಂದರೆ ದಾರಿ ಇರುವುದಿಲ್ಲ. ಹೆಸರು ಹೇಳಿ ಗುಟ್ಟಾಗಿಡಿ ಎನ್ನುವುದು ವಾಸಿ. ಅಡುಗೆಯವಳ ಹೆಸರನ್ನು ಅವಳ ಒಪ್ಪಿಗೆ ಇಲ್ಲದೆ ಬರೆಯಬೇಡಿ. 'ಸ್ಥಳೀಯ ಕೆಲಸಗಾರ್ತಿ' ಅಂದರೆ ಸಾಕು.

ನಿಮ್ಮ ಕೆಲಸಕ್ಕೆ ಕುತ್ತು ಬರಲ್ಲ ಅಂತ ನಾನು ಹೇಳಲಾರೆ. ಸುಳ್ಳು ಧೈರ್ಯ ಕೊಡುವುದು ನನಗೆ ಇಷ್ಟ ಇಲ್ಲ. ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ ಫ್ರೆಂಚ್ ಸೈನಿಕರು ಮಕ್ಕಳಿಗೆ ಲೈಂಗಿಕ ಕಿರುಕುಳ ಕೊಟ್ಟರೆಂಬ ಆರೋಪದ ಒಳ ವರದಿಯನ್ನು ವಿಶ್ವಸಂಸ್ಥೆಯ ಅಧಿಕಾರಿ ಆಂಡರ್ಸ್ ಕೊಂಪಾಸ್ 2014ರಲ್ಲಿ ಫ್ರೆಂಚ್ ಸರ್ಕಾರಕ್ಕೆ ಕೊಟ್ಟರು. 2015ರಲ್ಲಿ ಅವರನ್ನೇ ಅಮಾನತು ಮಾಡಿದರು. ಅವರದು ತಪ್ಪಿಲ್ಲ ಅಂತ ತೀರ್ಮಾನವಾದದ್ದು ಆಮೇಲೆ. 2016ರಲ್ಲಿ ಅವರು ಕೆಲಸ ಬಿಟ್ಟರು. ಇದು ನಡೆದ ಮಾತು. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳಬಾರದು ಎನ್ನುವ ನಿಯಮವನ್ನು ವಿಶ್ವಸಂಸ್ಥೆ 2017ರಲ್ಲಿ ಇನ್ನಷ್ಟು ಬಿಗಿ ಮಾಡಿತು. ನಿಮ್ಮ ಸಂಸ್ಥೆಯಲ್ಲೂ ಅಂಥದ್ದು ಇದೆಯಾ ನೋಡಿ, ಅದರ ಪ್ರತಿ ತೆಗೆದಿಟ್ಟುಕೊಳ್ಳಿ, ಕಳಿಸಿದ ಪತ್ರದ ನಕಲು ಆಫೀಸಿನ ಕಂಪ್ಯೂಟರ್ ಬಿಟ್ಟು ಬೇರೆ ಕಡೆ ಇಟ್ಟುಕೊಳ್ಳಿ. ಊರಿಗೆ ಫೋನ್ ಮಾಡಿ ಮನೆಯಲ್ಲಿ ಒಬ್ಬರಿಗಾದರೂ ವಿಷಯ ಹೇಳಿ. ಒಬ್ಬರೇ ಹೊತ್ತುಕೊಂಡು ಕೂರಬೇಡಿ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ, ಮೈಸೂರು. ನಿಮ್ಮ ಉತ್ತರ ಸ್ವಲ್ಪ ಅತಿಯಾಯಿತು ಅನಿಸಿತು. ಇಬ್ಬರೂ ದೊಡ್ಡವರು, ಇಬ್ಬರಿಗೂ ಒಪ್ಪಿಗೆ ಇದ್ದರೆ ಅದರಲ್ಲಿ ಸಂಸ್ಥೆಯದೇನು ಕೆಲಸ? ಮನೆ ಮಠ ಬಿಟ್ಟು ವರ್ಷಗಟ್ಟಲೆ ದೂರ ಇರುವವರು, ಅವರೂ ಮನುಷ್ಯರೇ ತಾನೇ?

ಉತ್ತರ: ಸರ್, ಕೇಳಿದ್ದು ಒಳ್ಳೆಯದಾಯಿತು. ಮನಸ್ಸಿನಲ್ಲಿ ಇಟ್ಟುಕೊಂಡು ಕೇಳದೆ ಇರುವವರು ಜಾಸ್ತಿ.

ನೀವು ಬ್ಯಾಂಕಿನಲ್ಲಿದ್ದವರು. ಸಾಲಕ್ಕೆ ಅರ್ಜಿ ಹಾಕಿದ ಹೆಣ್ಣುಮಗಳೊಬ್ಬಳು ನಿಮ್ಮ ಮೇಜಿನ ಮುಂದೆ ನಿಂತಿದ್ದಾಳೆ. ಅರ್ಜಿಗೆ ಸಹಿ ಹಾಕುವವರು ನೀವೇ. ಆಗ ನೀವು ಸಂಜೆ ಕಾಫಿಗೆ ಬಾ ಅಂದರೆ ಅವಳು 'ಹೂಂ' ಅನ್ನಬಹುದು. ಆ 'ಹೂಂ' ಕಾಫಿಗಾ, ಸಾಲಕ್ಕಾ? ಅವಳಿಗೂ ಬಿಡಿಸಿ ಹೇಳಲು ಆಗಲಿಕ್ಕಿಲ್ಲ. ಈಗ ಸಾಲದ ಜಾಗದಲ್ಲಿ ಮಗುವಿನ ಊಟ ಇಡಿ. ಬ್ಯಾಂಕಿನ ಜಾಗದಲ್ಲಿ, ಸುತ್ತ ನೂರು ಮೈಲಿ ಬೇರೆ ಏನೂ ಇಲ್ಲದ ಡೇರೆ ಶಿಬಿರ ಇಡಿ.

2002ರಲ್ಲಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳ ನಿರಾಶ್ರಿತರ ಶಿಬಿರಗಳಿಂದ ಬಂದ ವರದಿ ಲೋಕಕ್ಕೆ ಈ ವಿಷಯ ತೋರಿಸಿತು. ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗ ಮತ್ತು ಬ್ರಿಟನ್ನಿನ ಸೇವ್ ದಿ ಚಿಲ್ಡ್ರನ್ ಸೇರಿ ಮಾಡಿದ್ದು ಅದು. 40ಕ್ಕೂ ಹೆಚ್ಚು ಸಂಸ್ಥೆಗಳ 67 ಜನರ ಮೇಲೆ ಆರೋಪ ಇತ್ತು. ಎಣ್ಣೆ, ಬಲ್ಗರ್ ಗೋಧಿ, ತಾಡಪಾಲು, ಪುಸ್ತಕ ಕೊಡಲು ಹುಡುಗಿಯರ ಮೈ ಕೇಳುತ್ತಿದ್ದರು. ಅವರಲ್ಲಿ ಹೆಚ್ಚಿನವರು 18 ತುಂಬದ ಮಕ್ಕಳು. ಮೇಲೆ ಹೇಳಿದ 2003ರ ನಿಯಮ ಹುಟ್ಟಿದ್ದು ಈ ವರದಿಯಾದ ಮೇಲೆ. ಅದರ ಪ್ರಕಾರ 18ಕ್ಕಿಂತ ಚಿಕ್ಕವರ ಜೊತೆ ಸಂಬಂಧ ಪೂರ್ತಿ ನಿಷಿದ್ಧ. ಆ ದೇಶದ ಕಾನೂನು ಏನೇ ಹೇಳಲಿ, "ವಯಸ್ಸು ಗೊತ್ತಿರಲಿಲ್ಲ" ಅಂದರೂ ನಡೆಯಲ್ಲ. ದುಡ್ಡು, ಕೆಲಸ, ಸಾಮಾನು, ನೆರವು ಯಾವುದನ್ನೇ ಕೊಟ್ಟು ಲೈಂಗಿಕ ಸಂಬಂಧ ಪಡೆಯುವುದೂ ನಿಷಿದ್ಧ. ಸೂಳೆಗಾರಿಕೆ ಕಾನೂನುಬದ್ಧವಾಗಿರುವ ದೇಶದಲ್ಲೂ ಇದೇ ನಿಯಮ.

ದೂರ ಇರುವವರ ಒಂಟಿತನ ನನಗೂ ಗೊತ್ತು. ನನ್ನ ಭಾವ ಹನ್ನೊಂದು ವರ್ಷ ಹೊರದೇಶದಲ್ಲಿ ದುಡಿದವರು. ಆದರೆ ಆ ಒಂಟಿತನಕ್ಕೆ, ಅನ್ನಕ್ಕಾಗಿ ಕಾದು ನಿಂತವಳು ಬೆಲೆ ಕೊಡಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಪ್ರತಿ ತಿಂಗಳು ಒಂದು ಸಂಸ್ಥೆಗೆ 500 ರೂಪಾಯಿ ಕೊಡುತ್ತಿದ್ದೆ. ಇಂಥ ಸುದ್ದಿ ಕೇಳಿ ನಿಲ್ಲಿಸಿಬಿಡೋಣ ಅನಿಸಿದೆ. ಸರಿನಾ? (ಗೃಹಿಣಿ, ಶಿವಮೊಗ್ಗ)

ಉತ್ತರ: ನಿಲ್ಲಿಸುವ ಮೊದಲು ಒಂದು ಪತ್ರ ಬರೆಯಿರಿ. ಹೋದ ವರ್ಷ ನಿಮ್ಮಲ್ಲಿ ಇಂಥ ದೂರು ಎಷ್ಟು ಬಂದವು, ಏನು ಮಾಡಿದಿರಿ, ಕೆಲಸಕ್ಕೆ ತೆಗೆದುಕೊಳ್ಳುವಾಗ ಹಿಂದಿನ ಸಂಸ್ಥೆಯನ್ನು ಕೇಳುತ್ತೀರಾ ಅಂತ. "ಒಂದೂ ದೂರು ಇಲ್ಲ" ಅಂತ ಹೆಮ್ಮೆಯಿಂದ ಉತ್ತರ ಬಂದರೆ ನನಗಾದರೆ ಸಂಶಯ ಬರುತ್ತದೆ. ಸಾವಿರಾರು ಜನರ ನಡುವೆ ಕೆಲಸ ಮಾಡುವ ದೊಡ್ಡ ಸಂಸ್ಥೆಗೆ ಒಂದೂ ದೂರು ಬಂದಿಲ್ಲ ಅಂದರೆ, ದೂರು ಕೊಡುವ ದಾರಿ ಜನಕ್ಕೆ ಗೊತ್ತಿಲ್ಲದೆ ಇರುವ ಸಾಧ್ಯತೆ ಹೆಚ್ಚು.

ಹಿಂದಿನ ಸಂಸ್ಥೆಯನ್ನು ಕೇಳುವುದು ಯಾಕೆ ಅಂದರೆ, 2010ರ ಭೂಕಂಪ ಆದ ಮೇಲೆ ಹೈಟಿಯಲ್ಲಿ ನೆರವು ಸಂಸ್ಥೆಯಾದ ಆಕ್ಸ್‌ಫ್ಯಾಮ್‌ನ ಕೆಲವರು ಹೆಂಗಸರನ್ನು ದುಡ್ಡು ಕೊಟ್ಟು ಕರೆಸಿಕೊಂಡದ್ದು ಒಳಗಿಂದೊಳಗೆ 2011ರಲ್ಲೇ ತನಿಖೆಯಾಗಿತ್ತು. ನಾಲ್ವರನ್ನು ತೆಗೆದರು, ಮೂವರು ತಾವೇ ರಾಜೀನಾಮೆ ಕೊಟ್ಟು ಹೊರಟರು. ಹಾಗೆ ಹೊರಟ ಅಲ್ಲಿನ ಮುಖ್ಯಸ್ಥ ಮುಂದೆ ಬಾಂಗ್ಲಾದೇಶದಲ್ಲಿ ಇನ್ನೊಂದು ನೆರವು ಸಂಸ್ಥೆಯ ಮುಖ್ಯಸ್ಥನಾದ. ನಮಗೆ ಯಾರೂ ಹೇಳಲೇ ಇಲ್ಲ ಎಂದಿತು ಆ ಸಂಸ್ಥೆ. ಹೊರಗೆ ಸುದ್ದಿಯಾದದ್ದು 2018ರ ಫೆಬ್ರವರಿಯಲ್ಲಿ, ಬ್ರಿಟನ್ನಿನ 'ದಿ ಟೈಮ್ಸ್' ಪತ್ರಿಕೆ ಬರೆದ ಮೇಲೆ. ಏಳು ವರ್ಷ! ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ಹಿಂದಿನ ನಡತೆ ಕೇಳಿ ತಿಳಿಯುವ ಒಂದು ಒಪ್ಪಂದವನ್ನು ಸಂಸ್ಥೆಗಳು 2019ರಲ್ಲಿ ತಮ್ಮೊಳಗೆ ಮಾಡಿಕೊಂಡಿವೆ. ನಿಮ್ಮ ಸಂಸ್ಥೆ ಅದರಲ್ಲಿ ಇದೆಯಾ ಅಂತಲೂ ಕೇಳಿ. ಸರಿಯಾದ ಉತ್ತರ ಬಂದರೆ ಕೊಡುವುದು ಮುಂದುವರಿಸಿ.

ಪ್ರಶ್ನೆ: ಅಕ್ಕಾರ, ನನಗೆ ಬರೆಯಾಕ ಬರಂಗಿಲ್ಲ, ನನ್ನ ಅಕ್ಕನ ಮಗಳ ಕೈಲಿ ಬರೆಸೀನಿ. ನಮ್ಮೂರು ಹೊಳಿ ದಂಡಿ ಮ್ಯಾಲೈತಿ. ನೆರೆ ಬಂದಾಗ ಸಾಲಿಯೊಳಗ ಇದ್ವಿ. ಕಿಟ್ ಹಂಚಾಕ ಬಂದ ಒಬ್ಬ, ಹೆಸರು ಬರಕೊಳ್ಳುವಾಗ ಫೋನ್ ನಂಬರೂ ಬರಕೊಂಡ. ರಾತ್ರಿ ಫೋನ್ ಮಾಡಾಕ ಹತ್ತಿದ. ಮನಿ ಪರಿಹಾರದ ಪಟ್ಟಿಗೆ ನಿನ್ನ ಹೆಸರು ಹಚ್ಚತೀನಿ, ಒಮ್ಮೆ ಲಾಡ್ಜಿಗೆ ಬಾ ಅಂದ. ನಾ ಹೋಗಲಿಲ್ಲ. ಪಟ್ಟಿಯೊಳಗ ನನ್ನ ಹೆಸರಿಲ್ಲ. ಅವ ಸಂಬಳದ ನೌಕರ ಅಲ್ಲಂತ, ಸುಮ್ನೆ ಸೇವೆಗೆ ಬಂದವ ಅಂತ. ಎರಡು ತಿಂಗಳಾತು. ಮನಿಯವರಿಗೆ ಹೇಳಿಲ್ಲ. ನಂದೇನರ ತಪ್ಪೈತೇನು?

ಉತ್ತರ: ನಿಮ್ಮದು ಏನೇನೂ ತಪ್ಪಿಲ್ಲ ತಂಗಿ. ಫೋನ್ ನಂಬರ್ ಕೊಟ್ಟದ್ದು ತಪ್ಪಲ್ಲ, ಕಿಟ್ ತೆಗೆದುಕೊಂಡದ್ದು ತಪ್ಪಲ್ಲ, ಎರಡು ತಿಂಗಳು ಸುಮ್ಮನಿದ್ದದ್ದೂ ತಪ್ಪಲ್ಲ. ಸಂಚಿಕೆ ಬರುವವರೆಗೆ ಕಾಯಬಾರದು ಅಂತ ನಿಮ್ಮ ಅಕ್ಕನ ಮಗಳ ನಂಬರಿಗೆ ಆಗಲೇ ಮಾತಾಡಿದ್ದೇನೆ. ಇಲ್ಲಿ ಮತ್ತೆ ಬರೆಯುತ್ತಿರುವುದು ನಿಮ್ಮಂಥ ಇನ್ನೊಬ್ಬಳು ಓದಲಿ ಅಂತ.

2019ರ ಆಗಸ್ಟ್ ನೆರೆಯಲ್ಲಿ ನಾನೂ ಬೆಳಗಾವಿ ಕಡೆಯ ಒಂದು ಶಾಲೆಯ ಪರಿಹಾರ ಕೇಂದ್ರದಲ್ಲಿ ಹನ್ನೆರಡು ದಿನ ಇದ್ದೆ. ಒಂದು ಸಂಸ್ಥೆಯವರು ದೂರಿನ ಪೆಟ್ಟಿಗೆ ತಂದು ಗೋಡೆಗೆ ಹೊಡೆದಿದ್ದರು. ಕೆಂಪು ಬಣ್ಣ, ಸಣ್ಣ ಬೀಗ. ಎಲ್ಲಿ ಹೊಡೆದಿದ್ದರು ಗೊತ್ತಾ? ಕಿಟ್ ಹಂಚುವವರು ಕೂರುವ ಮೇಜಿನ ಸರಿ ಮೇಲೆ. ಅದರೊಳಗೆ ಚೀಟಿ ಹಾಕಬೇಕೆಂದರೆ ಅವರ ತಲೆಯ ಮೇಲಿಂದ ಕೈ ಚಾಚಬೇಕು. ಹನ್ನೆರಡು ದಿನದಲ್ಲಿ ಒಂದು ಚೀಟಿಯೂ ಬೀಳಲಿಲ್ಲ. ಆದರೆ ಬೋರಿನ ಹತ್ತಿರ ಪಾತ್ರೆ ತೊಳೆಯುವಾಗ, ನನ್ನ ಪಕ್ಕ ಕೂತ ಒಬ್ಬ ಅಜ್ಜಿ, ಬೂದಿ ಹಚ್ಚಿ ತಪ್ಪೇಲಿ ತಿಕ್ಕುತ್ತಾ, ತಲೆ ಎತ್ತದೆ ಅಂದಳು: "ಆ ಟೋಪಿ ಹಾಕ್ಕೊಂಡವಗ ರಾತ್ರಿ ಹೆಣ್ಮಕ್ಕಳ ಖೋಲಿ ಕಡೆ ಬ್ಯಾಟರಿ ಬಿಡಬ್ಯಾಡ ಅನ್ನು." ಅಷ್ಟೇ. ಅವತ್ತೇ ತಹಶೀಲ್ದಾರರಿಗೆ ಹೇಳಿದೆವು, ಅವನನ್ನು ಕಳಿಸಿದರು, ಹೆಂಗಸರ ಖೋಲಿಗೆ ಒಳಗಿನಿಂದ ಚಿಲಕ ಹಾಕಿಸಿದರು. ಆ ಪೆಟ್ಟಿಗೆ ಮಾತ್ರ ಕೊನೆಯವರೆಗೂ ಅಲ್ಲೇ ಇತ್ತು.

ಈಗ ನಿಮ್ಮ ವಿಷಯ. ಅವನು ಸಂಬಳದವನಲ್ಲ ಎನ್ನುವ ಮಾತಿಗೆ ಹೆದರಬೇಡಿ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಕಿರುಕುಳ ತಡೆಯುವ 2013ರ ಕಾನೂನು, ಎಲ್ಲರೂ ಪಾಶ್ ಕಾಯ್ದೆ ಅನ್ನುತ್ತಾರಲ್ಲ ಅದು, ಸಂಬಳವಿಲ್ಲದೆ ಸೇವೆಗೆ ಬಂದವನನ್ನೂ 'ನೌಕರ' ಅಂತಲೇ ಲೆಕ್ಕ ಹಿಡಿಯುತ್ತದೆ. ಸ್ವಯಂಸೇವಾ ಸಂಸ್ಥೆಗಳಿಗೂ ಅದು ಅನ್ವಯ. ಇನ್ನೊಂದು ಮುಖ್ಯ ಮಾತು, ದೂರು ಕೊಡುವವಳು ಆ ಸಂಸ್ಥೆಯಲ್ಲಿ ಕೆಲಸಕ್ಕಿರಬೇಕು ಅಂತ ಇಲ್ಲ. ಕಿಟ್ ತೆಗೆದುಕೊಳ್ಳಲು ಹೋದವಳೂ ಕೊಡಬಹುದು. ಕಾಂಗೋದಲ್ಲಿ ಒಬ್ಬಳ ದೂರನ್ನು, ಆಕೆ ವಿಶ್ವ ಆರೋಗ್ಯ ಸಂಸ್ಥೆಯಿಂದ ನೆರವು ಪಡೆದವಳಲ್ಲ ಅನ್ನೋ ಕಾರಣ ಕೊಟ್ಟು ಪಕ್ಕಕ್ಕಿಟ್ಟಿದ್ದರು. ನಮ್ಮ ಕಾಯ್ದೆಯಲ್ಲಿ ಹಾಗೆ ನುಣುಚಿಕೊಳ್ಳಲು ಆಗಲ್ಲ.

ಹತ್ತು ಜನ ಅಥವಾ ಹೆಚ್ಚು ಕೆಲಸದವರಿರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಯಾದರೆ, ಇಲ್ಲವೇ ದೂರು ಸಂಸ್ಥೆಯ ಯಜಮಾನನ ಮೇಲೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು. ಯಾವುದಕ್ಕೆ ಅಂತ ತಿಳಿಯದಿದ್ದರೆ ತಾಲ್ಲೂಕಿನ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಗೆ ಹೋಗಿ, ಅಲ್ಲಿ ದಾರಿ ತೋರಿಸುತ್ತಾರೆ. ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು. ನಿಮಗೆ ಇನ್ನೂ ಒಂದು ತಿಂಗಳಿದೆ. ತಡವಾದರೆ, ಸರಿಯಾದ ಕಾರಣ ಇದ್ದರೆ, ಇನ್ನೂ ಮೂರು ತಿಂಗಳು ಕೊಡುವ ಅಧಿಕಾರ ಸಮಿತಿಗಿದೆ. ಬರೆಯಲು ಬಾರದವರಿಗೆ ಬರೆದುಕೊಡಲು ನೆರವಾಗುವುದು ಸಮಿತಿಯವರದೇ ಹೊಣೆ ಅಂತ ಕಾಯ್ದೆಯಲ್ಲೇ ಇದೆ. ಸಾಬೀತಾಗದಿದ್ದರೆ ಸುಳ್ಳು ದೂರು ಅಂತ ನಿಮ್ಮನ್ನೇ ಹಿಡಿಯುತ್ತಾರೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಸಾಬೀತು ಮಾಡಲಾಗದ್ದು ಬೇರೆ, ಬೇಕಂತಲೇ ಸುಳ್ಳು ಹೇಳಿದ್ದು ಬೇರೆ. ನಿಮ್ಮ ಹೆಸರನ್ನು ಹೊರಗೆ ಹಾಕುವಂತೆಯೂ ಇಲ್ಲ.

ಪೊಲೀಸ್ ದಾರಿಯೂ ಇದೆ. ಹೀಗೆ ಕೇಳುವುದು ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಶಿಕ್ಷೆ. ಹೋಗುವುದೋ ಬಿಡುವುದೋ ನಿಮ್ಮ ಇಷ್ಟ, ಯಾರೂ ಒತ್ತಾಯ ಮಾಡಬಾರದು. ಕೇಳಿಸಿಕೊಳ್ಳುವವರು ಬೇಕಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ವಕೀಲರು ಬೇಕಿದ್ದರೆ 15100. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಪುಕ್ಕಟೆ. ಆದರೆ ನೊಂದವಳು 18 ತುಂಬದ ಹುಡುಗಿಯಾದರೆ ಈ ಇಷ್ಟದ ಮಾತು ಬರುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೋ ಕಾಯ್ದೆಯಂತೆ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು, ಮಕ್ಕಳ ಸಹಾಯವಾಣಿ 1098. ಮೈಮೇಲೆ ಬಲಾತ್ಕಾರ ಆಗಿದ್ದರೆ ಮೊದಲು ಆಸ್ಪತ್ರೆ. ಸರ್ಕಾರಿಯಾಗಲಿ ಖಾಸಗಿಯಾಗಲಿ ದುಡ್ಡು ಕೇಳದೆ ಚಿಕಿತ್ಸೆ ಕೊಡಲೇಬೇಕು. ಎಚ್‌ಐವಿ ತಡೆಯುವ ಔಷಧಿಗೆ 72 ಗಂಟೆಯೊಳಗೆ ಹೋಗಬೇಕು, ಬೇಗ ಹೋದಷ್ಟೂ ಒಳ್ಳೆಯದು.

ಮನೆ ಪರಿಹಾರದ ವಿಷಯವನ್ನು ಇದರ ಜೊತೆ ಕಲಸಬೇಡಿ. ಪಟ್ಟಿಯಲ್ಲಿ ಹೆಸರು ಬಿಟ್ಟಿದೆ ಅಂತ ತಹಶೀಲ್ದಾರರಿಗೆ ಬೇರೆ ಅರ್ಜಿ ಕೊಡಿ, ಬಿದ್ದ ಗೋಡೆಯ ಫೋಟೋ ಇಟ್ಟು, ಸ್ವೀಕೃತಿ ತೆಗೆದುಕೊಳ್ಳಿ. ಆ ಮನುಷ್ಯನಿಗೆ ಪಟ್ಟಿಯ ಮೇಲೆ ಏನೂ ಅಧಿಕಾರ ಇಲ್ಲದೆಯೂ ಇರಬಹುದು. ಅಧಿಕಾರ ಇಲ್ಲದಿದ್ದರೂ ಅವನು ಕೇಳಿದ್ದು ಅಪರಾಧವೇ.

ಮನೆಯವರಿಗೆ ಯಾವಾಗ ಹೇಳಬೇಕು ಅನ್ನೋದು ನಿಮಗೇ ಗೊತ್ತು. ಈಗ ಮಾಡಬೇಕಾದ್ದು ಒಂದೇ ಕೆಲಸ. ಫೋನಿನಲ್ಲಿ ಅವನ ಕರೆಗಳು ಇನ್ನೂ ಇವೆ ಅಂದಿರಿ, ಅಳಿಸಬೇಡಿ. ನಿಮ್ಮ ಅಕ್ಕನ ಮಗಳ ಅಕ್ಷರ ಮುತ್ತಿನ ಹಾಗಿದೆ. ಇವತ್ತು ರಾತ್ರಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಹಾಳೆಯ ಮೇಲೆ ಯಾವ ತಾರೀಖು, ಎಷ್ಟು ಹೊತ್ತಿಗೆ ಫೋನ್ ಬಂತು, ಅವನು ಏನಂದ, ನೀವು ಏನಂದಿರಿ ಅನ್ನೋದನ್ನು ಬರೆಸಿ. ಅವನು ನಿಮ್ಮ ನಂಬರ್ ಬರೆದುಕೊಂಡ ದಿನದಿಂದ ಶುರು ಮಾಡಿ.